ಸೀಗಡಿ ಸಿಪ್ಪೆಯಿಂದ ಕ್ಯಾನ್ಸರ್ ಕೋಶದವರೆಗೆ: ಕೈಟೋಸಾನ್ ನ್ಯಾನೊಕಣ ತಯಾರಿಸಿ ಕಲ್ಚರ್‌ನಲ್ಲಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಸೀಗಡಿ ಸುಲಿದು ಬಿಸಾಡುವ ಸಿಪ್ಪೆಯಲ್ಲಿ ಕೈಟಿನ್ ಇದೆ. ಕೈಟಿನ್‌ನ ಅಸಿಟೈಲ್ ಗುಂಪುಗಳನ್ನು ಕಳಚಿದರೆ ಕೈಟೋಸಾನ್ ಸಿಗುತ್ತದೆ. ಹುಳಿ ದ್ರಾವಣದಲ್ಲಿ ಕರಗಿ ಮೈತುಂಬ ಧನ ವಿದ್ಯುದಂಶ ಹೊರುವ ಈ ಪಾಲಿಮರ್‌ಗೆ ಋಣ ವಿದ್ಯುದಂಶದ ಸೋಡಿಯಂ ಟ್ರೈಪಾಲಿಫಾಸ್ಫೇಟ್ (ಮುಂದೆ ಟಿಪಿಪಿ) ಹನಿಸಿದರೆ 100ರಿಂದ 300 ನ್ಯಾನೊಮೀಟರ್ ಗಾತ್ರದ ಕಣಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಬೇರೆ ಸಾವಯವ ದ್ರಾವಕ ಬೇಡ, ಕಾಯಿಸುವುದೂ ಬೇಡ. ಈ ಕಣಗಳೊಳಗೆ ಔಷಧ ತುಂಬಿ ಕ್ಯಾನ್ಸರ್ ಕೋಶಗಳಿಗೆ ತಲುಪಿಸಿ ನೋಡುವುದೇ ಇಲ್ಲಿನ ಉದ್ದೇಶ. ಮಣಿಪಾಲ, ದೇರಳಕಟ್ಟೆ, ಕೊಣಾಜೆ, ಸುರತ್ಕಲ್ ಭಾಗದ ಪ್ರಯೋಗಾಲಯಗಳಲ್ಲಿ ಎಂ.ಎಸ್ಸಿ., ಎಂ.ಫಾರ್ಮ್ ಅಥವಾ ಪಿಎಚ್.ಡಿ. ಕೆಲಸ ಶುರು ಮಾಡುವವರಿಗೆ ಕೈಗೆಟಕುವ ದಾರಿ ಇದು.

ಈ ಕೆಲಸದಲ್ಲಿ ಫಲಿತಾಂಶ ಕೈಕೊಡುವುದು ಹೆಚ್ಚಾಗಿ ಔಷಧದಿಂದಲ್ಲ, ಕಣದಿಂದ. ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ಪೋಷಕ ದ್ರಾವಣದಲ್ಲಿ, ಕಣ ಮುದ್ದೆಗಟ್ಟಿ ಕೋಶಗಳ ಮೇಲೆ ಕೂತರೆ ಕೋಶ ಸಾಯುತ್ತದೆ, ಔಷಧ ಸೋರಿದರೂ ಸಾಯುತ್ತದೆ, ಪಾಲಿಮರ್‌ನಲ್ಲಿ ಕೊಳೆ ಉಳಿದಿದ್ದರೂ ಸಾಯುತ್ತದೆ. ನೀವು ಕಟ್ಟಿದ ಗುರಿಕಣವೇ (ಕ್ಯಾನ್ಸರ್ ಕೋಶಕ್ಕೆ ಅಂಟುವಂತೆ ಮಾಡಿದ ಕಣವೇ) ಕೊಂದಿತು ಎನ್ನಬೇಕಾದರೆ ಈ ಮೂರನ್ನೂ ಮೊದಲೇ ತಳ್ಳಿಹಾಕಿರಬೇಕು. ಅದಕ್ಕೇ ಕೆಳಗಿನ ಹಂತಗಳಲ್ಲಿ ಖಾಲಿ ಕಣಕ್ಕೆ, ಅಂದರೆ ಔಷಧ ತುಂಬದ ಕಣಕ್ಕೆ, ಔಷಧದಷ್ಟೇ ಜಾಗ ಕೊಟ್ಟಿದ್ದೇವೆ. ಇಲ್ಲಿ ಹೇಳಿರುವುದೆಲ್ಲ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು. ರೋಗಿಗೆ ಕೊಡುವ ಔಷಧಕ್ಕೂ ಇದಕ್ಕೂ ನಡುವೆ ಬಹಳ ದೂರವಿದೆ.

1. ಸಿಪ್ಪೆ ಕೂಡಿಡುವುದು

ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ಸಿಪ್ಪೆಯನ್ನು ಮೇ ಒಳಗೇ ಕೂಡಿಡಬೇಕು. ಒಂದೇ ಜಾತಿಯ ಸೀಗಡಿಯ ಸಿಪ್ಪೆ ತನ್ನಿ. ಬೆರಕೆ ಸಿಪ್ಪೆಯಿಂದ ಬರುವ ಕೈಟೋಸಾನ್ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ತಲೆ, ಕಾಲು, ಅಂಟಿದ ಮಾಂಸ ತೆಗೆದು ಅದೇ ದಿನ ತೊಳೆದು 60 ಡಿಗ್ರಿ ಸೆ. ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ. ಅಂಗಳದ ಬಿಸಿಲನ್ನು ನಂಬಬೇಡಿ. ಹೊರಗೆ ಒಣಗುವಷ್ಟರಲ್ಲಿ ಬ್ಯಾಕ್ಟೀರಿಯಾ ಸಿಪ್ಪೆಗೆ ಕೈಹಾಕಿರುತ್ತವೆ, ಪಾಲಿಮರ್ ಸರಪಳಿ ಅಲ್ಲೇ ತುಂಡಾಗಲು ಶುರುವಾಗುತ್ತದೆ. ಒಣಗಿದ್ದನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿ ಮಾಡಿ. ನುಣ್ಣಗೆ ಪುಡಿ ಮಾಡಿದರೆ ತೊಳೆಯುವಾಗ ನೀರಿನೊಡನೆ ಹರಿದುಹೋಗುತ್ತದೆ.

2. ಸುಣ್ಣ, ಪ್ರೋಟೀನ್ ತೆಗೆದು ಕೈಟೋಸಾನ್ ಮಾಡುವುದು

100 ಗ್ರಾಂ ಒಣ ಸಿಪ್ಪೆಯಿಂದ ಹೊರಡೋಣ. ಅದರಲ್ಲಿ ಸುಮಾರು 40 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಎಂದು ಹಿಡಿದರೆ ಅದನ್ನು ಕರಗಿಸಲು 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲ ಕನಿಷ್ಠ 800 ಮಿ.ಲೀ. ಬೇಕು. ಒಂದೂವರೆ ಲೀಟರ್ ತೆಗೆದುಕೊಳ್ಳಿ. ಹೊರಬರುವ ಇಂಗಾಲದ ಡೈಆಕ್ಸೈಡ್ ಹತ್ತು ಲೀಟರಿನಷ್ಟು, ಹಾಗಾಗಿ ನೊರೆ ಉಕ್ಕುತ್ತದೆ. 5 ಲೀಟರಿನ ಪ್ಲಾಸ್ಟಿಕ್ ಪಾತ್ರೆಯಲ್ಲಿ, ಸಿಪ್ಪೆಗೆ ಆಮ್ಲವನ್ನು ಸ್ವಲ್ಪಸ್ವಲ್ಪವೇ ಹಾಕಿ. ಕೋಣೆಯ ಉಷ್ಣತೆಯಲ್ಲೇ ಎರಡು ಗಂಟೆ ಸಾಕು. ಕಾಯಿಸಿದರೆ ಆಮ್ಲ ಸುಣ್ಣದ ಜೊತೆಗೆ ಕೈಟಿನ್ ಸರಪಳಿಯನ್ನೂ ಕತ್ತರಿಸುತ್ತದೆ. ಕೊನೆಗೆ ಒಂದು ಚೂರಿಗೆ ಹೊಸ ಆಮ್ಲದ ಹನಿ ಬಿಡಿ. ಗುಳ್ಳೆ ಬಾರದಿದ್ದರೆ ಸುಣ್ಣ ಹೋಗಿದೆ. ತಟಸ್ಥವಾಗುವವರೆಗೆ ತೊಳೆಯಿರಿ.

ಪ್ರೋಟೀನ್ ತೆಗೆಯಲು 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ (ಲೀಟರಿಗೆ 40 ಗ್ರಾಂ) ಒಂದು ಲೀಟರ್, 70 ಡಿಗ್ರಿಯಲ್ಲಿ ಎರಡು ಗಂಟೆ. ದ್ರಾವಣ ಕಂದಾದರೆ ಚೆಲ್ಲಿ, ಹೊಸದು ಹಾಕಿ, ಮತ್ತೆ ಕಾಯಿಸಿ. ಕ್ಷಾರ ಬಣ್ಣಗೆಡದೆ ತಿಳಿಯಾಗಿ ನಿಲ್ಲುವವರೆಗೆ ಇದು ನಡೆಯಬೇಕು. ಇಲ್ಲಿ ಅವಸರ ಮಾಡಿದರೆ ಉಳಿದ ಪ್ರೋಟೀನ್ ಮುಂದೆ ಕೋಶಗಳ ಮೇಲೆ ಲೆಕ್ಕ ತಪ್ಪಿಸುತ್ತದೆ. ಸಿಪ್ಪೆಯ ಕೆಂಪು ಬಣ್ಣ ಅಸ್ಟಾಕ್ಸಾಂಥಿನ್. ಅಸಿಟೋನ್‌ನಲ್ಲಿ ಒಂದೆರಡು ಸಲ ಅದ್ದಿ ತೆಗೆದರೆ ಹೋಗುತ್ತದೆ. ಬ್ಲೀಚ್ ಬಳಸಬೇಡಿ, ಅದು ಸರಪಳಿಯನ್ನೇ ತಿನ್ನುತ್ತದೆ.

ಈಗ ಉಳಿದಿರುವುದು ಕೈಟಿನ್. ತೂಕದಲ್ಲಿ ಶೇ 50ರ ಸೋಡಿಯಂ ಹೈಡ್ರಾಕ್ಸೈಡ್, ಕೈಟಿನ್‌ನ 15 ಪಟ್ಟು, 100 ಡಿಗ್ರಿಯಲ್ಲಿ ನಾಲ್ಕರಿಂದ ಐದು ಗಂಟೆ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಬಿಸಿ ಕ್ಷಾರ ಗಾಜನ್ನು ಕೊರೆಯುತ್ತದೆ; ಅಲ್ಯೂಮಿನಿಯಂ ಜೊತೆ ಸೇರಿದರೆ ಹೈಡ್ರೋಜನ್ ಬಿಡುತ್ತದೆ, ಆ ಪಾತ್ರೆಯನ್ನು ಹತ್ತಿರವೂ ತರಬೇಡಿ. ದ್ರಾವಣ ಮಾಡುವಾಗ ನೀರಿಗೆ ಕ್ಷಾರ ಹಾಕಬೇಕು, ಕ್ಷಾರಕ್ಕೆ ನೀರು ಸುರಿಯಬಾರದು. ಕಣ್ಣಿಗೆ ಗಾಗಲ್ಸ್, ದಪ್ಪ ಕೈಗವಸು, ಫ್ಯೂಮ್ ಹುಡ್ ಮೂರೂ ಬೇಕು. ಮುಚ್ಚಳ ಮುಚ್ಚಿಡಿ, ಸಾಧ್ಯವಾದರೆ ನೈಟ್ರೋಜನ್ ಹಾಯಿಸಿ. ಗಾಳಿ ತಾಗಿದರೆ ಉತ್ಪನ್ನ ಕಂದಾಗುತ್ತದೆ. ಕೊನೆಯ ತೊಳೆತಗಳಿಗೆ ಭಟ್ಟಿ ಇಳಿಸಿದ ನೀರೇ ಆಗಬೇಕು. ಮುರಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣಾಂಶ ಇದ್ದರೆ ಕೈಟೋಸಾನ್ ಅದನ್ನು ಹಿಡಿದಿಟ್ಟುಕೊಂಡು ಹಳದಿಯಾಗುತ್ತದೆ.

ಕೈಗೆ ಸಿಗುವುದು ಸುಮಾರು 15 ಗ್ರಾಂ. ಶೇ 1ರ ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ ಕಲಕಿದರೆ ಪೂರ್ತಿ ಕರಗಬೇಕು. ತಳದಲ್ಲಿ ಊದಿಕೊಂಡ ಚೂರುಗಳು ಉಳಿದರೆ ಅಸಿಟೈಲ್ ಇನ್ನೂ ಹೋಗಿಲ್ಲ ಎಂದರ್ಥ, ಮತ್ತೊಂದು ಸಲ ಕ್ಷಾರಕ್ಕೆ ಹಾಕಿ. ಅಸಿಟೈಲ್ ಎಷ್ಟು ಹೋಗಿದೆ ಎಂಬ ಡಿಅಸಿಟೈಲೇಷನ್ ಪ್ರಮಾಣವನ್ನು ಪ್ರೋಟಾನ್ ಎನ್‌ಎಂಆರ್‌ನಲ್ಲೋ ಆಮ್ಲ-ಕ್ಷಾರ ಟೈಟ್ರೇಷನ್‌ನಲ್ಲೋ ಅಳೆಯಿರಿ. ಶೇ 80–90 ಇದ್ದರೆ ಮುಂದಿನ ಕೆಲಸಕ್ಕೆ ಸರಿ.

ಕೋಶಗಳ ಮೇಲೆ ಹಾಕುವ ಮುನ್ನ ಶುದ್ಧೀಕರಣ ಆಗಲೇಬೇಕು. ಶೇ 1ರ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, 0.45 ಮೈಕ್ರೊಮೀಟರ್ ಫಿಲ್ಟರ್ ಹಾಯಿಸಿ, 1 ನಾರ್ಮಲ್ ಕ್ಷಾರ ಹನಿಸಿ ಪಿಎಚ್ 9ಕ್ಕೆ ತಂದು ಗಟ್ಟಿಯಾಗಿ ಬಿದ್ದುದನ್ನು ತೊಳೆದು ಫ್ರೀಜ್-ಡ್ರೈ ಮಾಡಿ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷ) ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ, ಕೋಶದ ಪ್ರಯೋಗಕ್ಕೆ ಖರೀದಿಸಿದ ಕಡಿಮೆ ಅಣುತೂಕದ ಕೈಟೋಸಾನ್ ಬಳಸಿ, ಸ್ವಂತ ಕೈಟೋಸಾನನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಒಳ್ಳೆಯದು. ಸ್ವಂತದ್ದರ ಅಣುತೂಕ ಹೆಚ್ಚಾಗಿ ದ್ರಾವಣ ಎಳೆಎಳೆಯಾಗಿದ್ದರೆ ಸೋಡಿಯಂ ನೈಟ್ರೈಟ್‌ನಿಂದ ಕತ್ತರಿಸಬಹುದು. ಹುಳಿ ದ್ರಾವಣದಲ್ಲಿ ಒಂದು ನೈಟ್ರೈಟ್ ಅಣು ಸರಪಳಿಯ ಒಂದು ಕೊಂಡಿ ಕಡಿಯುತ್ತದೆ, ಆದ್ದರಿಂದ ಎಷ್ಟು ಕಡಿಯಬೇಕೋ ಅಷ್ಟೇ ಲೆಕ್ಕ ಹಾಕಿ ಹಾಕಿ.

3. ಕಣ ಕಟ್ಟುವುದು: ಮೊದಲು ಖಾಲಿ ಕಣ

ಕೈಟೋಸಾನ್ ಹಸಿ ಗಾಳಿಯಲ್ಲಿ ತೂಕದ ಶೇ 10ರವರೆಗೂ ನೀರು ಹೀರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಡಬ್ಬಿ ತೆರೆದಿಟ್ಟು ತೂಗಿದರೆ 100 ಮಿ.ಗ್ರಾಂ ಎಂದುಕೊಂಡದ್ದು 90 ಇರಬಹುದು. ಡೆಸಿಕೇಟರ್‌ನಲ್ಲಿಟ್ಟು, ತೇವಾಂಶ ಅಳೆದು, ಒಣತೂಕಕ್ಕೆ ಲೆಕ್ಕ ಹಾಕಿ.

ದ್ರಾವಣ ಎರಡು. ಶೇ 0.2ರ ಅಸಿಟಿಕ್ ಆಮ್ಲದಲ್ಲಿ ಮಿ.ಲೀ.ಗೆ 1 ಮಿ.ಗ್ರಾಂ ಕೈಟೋಸಾನ್, ರಾತ್ರಿಯಿಡೀ ಕಲಕಿ, ಪಿಎಚ್ 4.8ಕ್ಕೆ ತಂದು 0.45ರ ಫಿಲ್ಟರ್, ಆಮೇಲೆ ಲ್ಯಾಮಿನಾರ್ ಹುಡ್‌ನೊಳಗೆ 0.22ರ ಫಿಲ್ಟರ್. ಇನ್ನೊಂದು, ನೀರಿನಲ್ಲಿ ಮಿ.ಲೀ.ಗೆ 1 ಮಿ.ಗ್ರಾಂ ಟಿಪಿಪಿ, ಅದೂ 0.22ರ ಫಿಲ್ಟರ್ ಹಾಯ್ದದ್ದು. ಕಣ ಕಟ್ಟಿದ ಮೇಲೆ ಸ್ಟೆರಿಲೈಸ್ ಮಾಡುವ ದಾರಿ ಇಲ್ಲವೆಂದೇ ತಿಳಿಯಿರಿ: ಆಟೊಕ್ಲೇವ್‌ನಲ್ಲಿ ಕಣ ಕೆಡುತ್ತದೆ, 200 ನ್ಯಾನೊಮೀಟರ್ ಕಣ 0.22ರ ಫಿಲ್ಟರ್‌ನಲ್ಲೇ ಸಿಕ್ಕಿಕೊಳ್ಳುತ್ತದೆ, ಕಲಕು ದ್ರಾವಣದೊಳಗೆ ಯುವಿ ಬೆಳಕು ಇಳಿಯುವುದಿಲ್ಲ. ಆದ್ದರಿಂದ ಶುರುವಿನಿಂದಲೇ ಸ್ಟೆರೈಲ್ ಆಗಿ ಮಾಡಬೇಕು.

ಸರಿಯಾದ ಅನುಪಾತ ಪುಸ್ತಕದಲ್ಲಿ ಸಿಗುವುದಿಲ್ಲ, ನಿಮ್ಮ ಕೈಟೋಸಾನ್‌ನ ಅಣುತೂಕವೇ ಅದನ್ನು ನಿರ್ಧರಿಸುತ್ತದೆ. ಏಳು ವಯಲ್ ಇಡಿ. ಪ್ರತಿಯೊಂದರಲ್ಲೂ 10 ಮಿ.ಲೀ. ಕೈಟೋಸಾನ್, 700 ಆರ್‌ಪಿಎಂನಲ್ಲಿ ಸುತ್ತುತ್ತಿರಲಿ. ಕ್ರಮವಾಗಿ 1, 1.5, 2, 2.5, 3, 3.5, 4 ಮಿ.ಲೀ. ಟಿಪಿಪಿಯನ್ನು ನಿಮಿಷಕ್ಕೆ ಅರ್ಧ ಮಿ.ಲೀ. ವೇಗದಲ್ಲಿ ಹನಿಸಿ, ಅರ್ಧ ಗಂಟೆ ಕಲಕಿ. ಈಗ ಕಪ್ಪು ಹಿನ್ನೆಲೆಯ ಮುಂದೆ ಹಿಡಿದು ನೋಡಿ. ಮೊದಲ ವಯಲ್‌ಗಳು ನೀರಿನಂತೆ ತಿಳಿ. ನಡುವೆ ಎಲ್ಲೋ ಒಂದರಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿಗೆ ಬಹಳ ನೀರು ಬೆರೆಸಿದಂಥ ಮಂಜು, ಅಂಚಿನಲ್ಲಿ ತುಸು ನೀಲಿ ಛಾಯೆ. ಕೊನೆಯವು ಬೆಳ್ಳಗೆ ಮಜ್ಜಿಗೆಯಂತಾಗಿ ಸ್ವಲ್ಪ ಹೊತ್ತಿಗೆ ತಳ ಕಟ್ಟುತ್ತವೆ. ಬೇಕಾದದ್ದು ಆ ನೀಲಿ ಮಂಜು. ಅದರ ಆಚೀಚೆಯ ಎರಡನ್ನೂ ಸೇರಿಸಿ ಮೂರನ್ನು ಡಿಎಲ್‌ಎಸ್‌ಗೆ (ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ವಿಧಾನ) ಕೊಡಿ. ಗಾತ್ರ 250 ನ್ಯಾನೊಮೀಟರ್‌ಗಿಂತ ಕೆಳಗೆ, ಪಾಲಿಡಿಸ್ಪರ್ಸಿಟಿ (ಗಾತ್ರಗಳ ಏರುಪೇರು) 0.3ರೊಳಗೆ, ಝೀಟಾ (ಕಣದ ಮೈಯ ವಿದ್ಯುತ್ ವಿಭವ) +20ರಿಂದ +40 ಮಿಲಿವೋಲ್ಟ್ ಬಂದರೆ ಆ ಅನುಪಾತವನ್ನು ಹಿಡಿದುಕೊಳ್ಳಿ. ಮೂರು ಬೇರೆ ದಿನ ಮಾಡಿದಾಗಲೂ ಅದೇ ಬರಬೇಕು.

ಸೆಂಟ್ರಿಫ್ಯೂಜ್‌ನಲ್ಲಿ ಬಹಳ ಜನರ ಕಣ ಹಾಳಾಗುತ್ತದೆ. ತಳದಲ್ಲಿ ಒತ್ತಿಕೊಂಡ ಕಣದ ಮುದ್ದೆ (ಪೆಲೆಟ್) ಮತ್ತೆ ಬಿಡಿಯಾಗುವುದೇ ಇಲ್ಲ. ಟ್ಯೂಬಿನ ತಳಕ್ಕೆ ಮೊದಲೇ 20 ಮೈಕ್ರೊಲೀಟರ್ ಸ್ಟೆರೈಲ್ ಗ್ಲಿಸರಾಲ್ ಹಾಕಿ ಅದರ ಮೇಲೆ ಕಣದ ದ್ರಾವಣ ಬಿಡಿ. 10,000 ಜಿ, 30 ನಿಮಿಷ, 4 ಡಿಗ್ರಿ. ಕಣಗಳು ಗ್ಲಿಸರಾಲ್ ಹಾಸಿಗೆಯ ಮೇಲೆ ಮೆತ್ತಗೆ ಕೂರುತ್ತವೆ, ಪಿಪೆಟ್‌ನಿಂದ ಹತ್ತು ಸಲ ಮೇಲೆಕೆಳಗೆ ಮಾಡಿದರೆ ಬಿಡಿಸಿಕೊಳ್ಳುತ್ತವೆ. ಮತ್ತೆ ಗಾತ್ರ ಅಳೆಯಿರಿ. ಮೊದಲಿಗಿಂತ ಒಂದೂವರೆ ಪಟ್ಟು ಮೀರಿದ್ದರೆ ಆ ಬ್ಯಾಚು ಬೇಡ. ಗ್ಲಿಸರಾಲ್ ಬೆರೆಯದಂತೆ ಬೇರೆಯಾಗಿ ತೊಳೆದ ಒಂದು ಪಾಲನ್ನು ಒಣಗಿಸಿ ತೂಗಿ, ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಕಣ ಇದೆ ಎಂದು ಬರೆದಿಡಿ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬುಡ. ಫ್ರೀಜ್-ಡ್ರೈ ಮಾಡಿ ಇಡುವುದಾದರೆ ಶೇ 5 ಟ್ರೆಹಲೋಸ್ ಸೇರಿಸಿ.

4. ಮೀಡಿಯಂನಲ್ಲಿ ಕಣ ನಿಲ್ಲುತ್ತದೆಯೇ?

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಅವರ ಫಲಿತಾಂಶ ನಂಬಲಾಗದ್ದಾಗುವುದೂ ಇಲ್ಲಿಂದಲೇ. ಕೈಟೋಸಾನ್‌ನ ಅಮೈನ್‌ಗಳ ಪಿಕೆಎ, ಅಂದರೆ ಅರ್ಧದಷ್ಟು ಅಮೈನ್‌ಗಳು ವಿದ್ಯುದಂಶ ಕಳೆದುಕೊಳ್ಳುವ ಪಿಎಚ್, ಸುಮಾರು 6.5. ಕಲ್ಚರ್ ಮೀಡಿಯಂನ ಪಿಎಚ್ 7.4. ಅಲ್ಲಿಗೆ ಬಿದ್ದೊಡನೆ ಕಣದ ಧನ ವಿದ್ಯುದಂಶ ಇಳಿದು, ಒಂದನ್ನೊಂದು ದೂರ ತಳ್ಳುತ್ತಿದ್ದ ಬಲ ಹೋಗಿ, ಕಣಗಳು ಒಟ್ಟುಗೂಡುತ್ತವೆ. ಮೀಡಿಯಂಗೆ ಬೆರೆಸುವ ಸೀರಂನ (ರಕ್ತದ ತಿಳಿಯ) ಪ್ರೋಟೀನ್‌ಗಳೂ ಮೈಗೆ ಮೆತ್ತಿಕೊಳ್ಳುತ್ತವೆ.

ಶೇ 10 ಸೀರಂ ಇರುವ ಮೀಡಿಯಂಗೆ ಖಾಲಿ ಕಣ ಹಾಕಿ 37 ಡಿಗ್ರಿಯಲ್ಲಿಟ್ಟು 0, 1, 4, 24 ಗಂಟೆಗೆ ಡಿಎಲ್‌ಎಸ್ ಮಾಡಿ. ಕಣ ಇಲ್ಲದ ಮೀಡಿಯಂ ಅನ್ನೂ ಅಳೆಯಿರಿ, ಸೀರಂ ಪ್ರೋಟೀನ್‌ಗಳದ್ದೇ 10 ನ್ಯಾನೊಮೀಟರ್ ಆಸುಪಾಸಿನ ಒಂದು ಪೀಕ್ ಇರುತ್ತದೆ. 24 ಗಂಟೆಯಲ್ಲಿ ಗಾತ್ರ ಮೈಕ್ರೊಮೀಟರ್ ದಾಟಿದರೆ ಅದು ನ್ಯಾನೊಕಣವಲ್ಲ, ಕೋಶಗಳ ಮೇಲೆ ಕೂರುವ ಕೆಸರು. ಆಗ ಪ್ರಮಾಣ ತಗ್ಗಿಸಿ ನೋಡಿ, ಇಲ್ಲವೇ ಕೈಟೋಸಾನ್‌ಗೆ ಪಾಲಿಎಥಿಲೀನ್ ಗ್ಲೈಕಾಲ್ ಜೋಡಿಸಿ, ಇಲ್ಲವೇ ಹೈಅಲುರೊನಿಕ್ ಆಮ್ಲದ ಹೊದಿಕೆ ಕೊಡಿ. ಹೈಅಲುರೊನಿಕ್ ಆಮ್ಲ ಹಲವು ಕ್ಯಾನ್ಸರ್ ಕೋಶಗಳ ಮೈಮೇಲಿರುವ ಸಿಡಿ44 ಗ್ರಾಹಕಕ್ಕೂ ಅಂಟುವುದರಿಂದ ಎರಡು ಲಾಭ.

5. ಗುರಿ: ಫೋಲಿಕ್ ಆಮ್ಲ ಜೋಡಿಸುವುದು

ಹಲವು ಕ್ಯಾನ್ಸರ್ ಕೋಶಗಳ ಮೈಮೇಲೆ ಫೋಲಿಕ್ ಆಮ್ಲವನ್ನು ಹಿಡಿಯುವ ಫೋಲೇಟ್ ಗ್ರಾಹಕ ಹೆಚ್ಚಿರುತ್ತದೆ. ಹೀಲಾದಲ್ಲಿ (ಗರ್ಭಕಂಠ ಕ್ಯಾನ್ಸರಿನ ಕೋಶ) ಹೆಚ್ಚು, ಎ549ರಲ್ಲಿ (ಶ್ವಾಸಕೋಶ ಕ್ಯಾನ್ಸರಿನ ಕೋಶ) ಬಹಳ ಕಡಿಮೆ. ಹಾಗಾಗಿ ಈ ಎರಡನ್ನು ಜೋಡಿಯಾಗಿ ಬಳಸಿದರೆ ಗುರಿ ಕೆಲಸ ಮಾಡಿತೇ ಎಂದು ಗೊತ್ತಾಗುತ್ತದೆ.

ಲೆಕ್ಕ ಹೀಗೆ: ಶೇ 85 ಡಿಅಸಿಟೈಲೇಷನ್ ಇರುವ 100 ಮಿ.ಗ್ರಾಂ ಕೈಟೋಸಾನ್‌ನಲ್ಲಿ ಸುಮಾರು 0.5 ಮಿಲಿಮೋಲ್ ಅಮೈನ್ ಇದೆ. ಅದರ ಶೇ 5ಕ್ಕೆ, ಅಂದರೆ 0.025 ಮಿಲಿಮೋಲ್‌ಗೆ, 11 ಮಿ.ಗ್ರಾಂ ಫೋಲಿಕ್ ಆಮ್ಲ. ಅದನ್ನು 2 ಮಿ.ಲೀ. ಒಣ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, 9.6 ಮಿ.ಗ್ರಾಂ ಇಡಿಸಿ ಹೈಡ್ರೊಕ್ಲೋರೈಡ್, 5.8 ಮಿ.ಗ್ರಾಂ ಎನ್‌ಎಚ್‌ಎಸ್ (ಇವೆರಡೂ ಫೋಲಿಕ್ ಆಮ್ಲವನ್ನು ಅಮೈನ್‌ಗೆ ಬೆಸೆಯಲು ನೆರವಾಗುವ ರಾಸಾಯನಿಕಗಳು) ಹಾಕಿ ಕತ್ತಲಲ್ಲಿ ಎರಡು ಗಂಟೆ ಕಲಕಿ. ಆಮೇಲೆ 20 ಮಿ.ಲೀ. ಕೈಟೋಸಾನ್ ದ್ರಾವಣಕ್ಕೆ ಹನಿಸಿ, ಪಿಎಚ್ 5.5ರಲ್ಲಿ 16 ಗಂಟೆ, ಅದೂ ಕತ್ತಲಲ್ಲಿ.

ಇಲ್ಲಿ ಒಂದು ಗುಟ್ಟಿದೆ. ಈ ಕೈಟೋಸಾನನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಬೇಡಿ, ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ. ಅಸಿಟೇಟ್ ಕೂಡ ಒಂದು ಕಾರ್ಬಾಕ್ಸಿಲೇಟ್. ಇಡಿಸಿ ಅದನ್ನೂ ಹಿಡಿದು ಕೈಟೋಸಾನ್‌ಗೆ ಜೋಡಿಸಿಬಿಡುತ್ತದೆ, ಕಷ್ಟಪಟ್ಟು ಕಳಚಿದ ಅಸಿಟೈಲ್ ಗುಂಪು ಮತ್ತೆ ಅಂಟುತ್ತದೆ, ಫೋಲಿಕ್ ಆಮ್ಲಕ್ಕೆ ಜಾಗ ಸಿಗುವುದಿಲ್ಲ. ಇಡಿಸಿಯ ಶತ್ರು ತೇವ. ಫ್ರೀಜರ್‌ನಿಂದ ತೆಗೆದ ಸೀಸೆ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ಮಳೆಗಾಲದ ನಮ್ಮ ಗಾಳಿಯಲ್ಲಿ ತಣ್ಣನೆಯ ಸೀಸೆ ತೆರೆದರೆ ಪುಡಿಯ ಮೇಲೆಯೇ ನೀರು ಸಾಂದ್ರವಾಗುತ್ತದೆ.

ಪಿಎಚ್ 9ಕ್ಕೆ ತಂದು ಗಟ್ಟಿಯಾದುದನ್ನು ತೊಳೆದು, ಮೊದಲು ಫಾಸ್ಫೇಟ್ ಬಫರ್‌ಗೆ, ಆಮೇಲೆ ನೀರಿಗೆ, ಒಟ್ಟು ಮೂರು ದಿನ ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಚೀಲದಲ್ಲಿಟ್ಟು ತೊಳೆಯುವುದು). ಹೊರಗಿನ ನೀರಿನಲ್ಲಿ ಹಳದಿ ಸುಳಿವಿಲ್ಲದಂತಾಗಬೇಕು. ಬಿಡಿ ಫೋಲಿಕ್ ಆಮ್ಲ ಒಳಗೆ ಉಳಿದರೆ ನಿಮ್ಮ ಗುರಿಕಣಕ್ಕೆ ಅದೇ ಎದುರಾಳಿಯಾಗುತ್ತದೆ.

6. ಔಷಧ ತುಂಬುವುದು

ಅರಿಶಿನದ ಕುರ್ಕುಮಿನ್ ಅಗ್ಗ, ಎಲ್ಲರಿಗೂ ಪ್ರಿಯ. ಆದರೂ ಮೊದಲ ಪ್ರಯೋಗಕ್ಕೆ ಅದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಸೀರಂ ಇಲ್ಲದ ತಟಸ್ಥ ಬಫರ್‌ನಲ್ಲಿ ಅದು ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ, ಜೊತೆಗೆ ಬಣ್ಣದ ಪರೀಕ್ಷೆಗಳಲ್ಲಿ ಅಡ್ಡ ಬರುತ್ತದೆ. ಬದಲಿಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಬಳಸಿ. ಅದು ಕೆಂಪು, 480 ನ್ಯಾನೊಮೀಟರ್‌ನಲ್ಲಿ ಅಳೆಯಬಹುದು, ತಾನೇ ಹೊಳೆಯುವುದರಿಂದ ಕೋಶದೊಳಗೆ ಎಲ್ಲಿದೆ ಎಂದೂ ಕಾಣುತ್ತದೆ. ಆದರೆ ಅದು ಜೀವಕ್ಕೆ ಅಪಾಯದ ವಸ್ತು. ಪುಡಿಯನ್ನು ಎರಡು ಜೊತೆ ಕೈಗವಸು ಹಾಕಿ ಬಯೊಸೇಫ್ಟಿ ಕ್ಯಾಬಿನೆಟ್‌ನೊಳಗೆ ಮಾತ್ರ ತೆರೆಯಿರಿ.

ತೊಡಕು ಎಂದರೆ ಡಾಕ್ಸೊರುಬಿಸಿನ್ ಕೂಡ ಧನ ವಿದ್ಯುದಂಶದ್ದು, ಕೈಟೋಸಾನ್ ಅದನ್ನು ದೂರ ತಳ್ಳುತ್ತದೆ. ಪರಿಹಾರ ಡೆಕ್ಸ್‌ಟ್ರಾನ್ ಸಲ್ಫೇಟ್: 0.5 ಮಿ.ಗ್ರಾಂ ಔಷಧಕ್ಕೆ 0.5 ಮಿ.ಗ್ರಾಂ ಡೆಕ್ಸ್‌ಟ್ರಾನ್ ಸಲ್ಫೇಟ್ ಬೆರೆಸಿ ಕತ್ತಲಲ್ಲಿ ಅರ್ಧ ಗಂಟೆ ಬಿಟ್ಟು, 10 ಮಿ.ಲೀ. ಕೈಟೋಸಾನ್‌ಗೆ (ಗುರಿಕಣಕ್ಕಾದರೆ ಫೋಲಿಕ್ ಆಮ್ಲ ಜೋಡಿಸಿದ ಕೈಟೋಸಾನ್‌ಗೆ) ಹನಿಸಿ, ಆಮೇಲೆ ಟಿಪಿಪಿ. ಡೆಕ್ಸ್‌ಟ್ರಾನ್ ಸಲ್ಫೇಟ್ ಕೂಡ ಋಣ ವಿದ್ಯುದಂಶದ್ದಾದ್ದರಿಂದ ಟಿಪಿಪಿ ತುಸು ಕಡಿಮೆ ಬೇಕಾಗುತ್ತದೆ. ಮೂರನೇ ಹಂತದ ವಯಲ್ ಸಾಲನ್ನು ಮತ್ತೊಮ್ಮೆ ಮಾಡಿ. ಖಾಲಿ ಕಣದಲ್ಲೂ ಅಷ್ಟೇ ಡೆಕ್ಸ್‌ಟ್ರಾನ್ ಸಲ್ಫೇಟ್ ಇರಲಿ.

ಒಳಸೇರಿದ ಔಷಧವನ್ನು ಎರಡು ಕಡೆಯಿಂದ ಅಳೆಯಿರಿ. ಸೆಂಟ್ರಿಫ್ಯೂಜ್ ಆದ ಮೇಲೆ ಮೇಲಿನ ತಿಳಿಯಲ್ಲಿ ಉಳಿದದ್ದು (ಬ್ಲ್ಯಾಂಕ್ ಆಗಿ ಖಾಲಿ ಕಣದ ತಿಳಿ), ಹಾಗೂ ಪೆಲೆಟನ್ನು 0.1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಸಿಕ್ಕಿದ್ದು. ಎರಡೂ ಕೂಡಿ ಹಾಕಿದ್ದರ ಶೇ 90 ಬಾರದಿದ್ದರೆ ಉಳಿದದ್ದು ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೆ ಅಂಟಿದೆ. ಮೇಲಿನ ತಿಳಿ ಮಾತ್ರ ಅಳೆದವರು ಆ ಅಂಟಿದ್ದನ್ನೂ ಕಣದೊಳಗೇ ಇದೆ ಎಂದು ಎಣಿಸಿಬಿಡುತ್ತಾರೆ.

ಸೋರಿಕೆ ನೋಡಲು 2 ಮಿ.ಲೀ. ಕಣವನ್ನು 12 ಕಿಲೊಡಾಲ್ಟನ್ ಡಯಾಲಿಸಿಸ್ ಚೀಲದಲ್ಲಿ ಕಟ್ಟಿ 50 ಮಿ.ಲೀ. ಬಫರ್‌ನಲ್ಲಿ, 37 ಡಿಗ್ರಿಯಲ್ಲಿ ಇಡಿ. ಒಂದು ಪಿಎಚ್ 7.4ರದ್ದು, ಇನ್ನೊಂದು ಎಂಡೋಸೋಮ್‌ನಂತೆ (ಕೋಶ ನುಂಗಿದ ಕಣ ಸೇರುವ ಹುಳಿ ಚೀಲ) 5.0ರದ್ದು. ಬಿಡಿ ಔಷಧ ತುಂಬಿದ ಚೀಲವನ್ನೂ ಪಕ್ಕದಲ್ಲಿಡಿ. ಚೀಲವೇ ಔಷಧವನ್ನು ನಿಧಾನ ಮಾಡುತ್ತದೆ, ಅದನ್ನು ಕಣದ ಗುಣ ಎಂದು ತಿಳಿಯಬಾರದು.

7. ಕೋಶಗಳು

ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿ. ಪಕ್ಕದ ಲ್ಯಾಬಿನ ಫ್ಲಾಸ್ಕಿನಿಂದ ಹಂಚಿಕೊಂಡ ಕೋಶ ಯಾವುದೆಂದು ಹೇಳಲಾಗದು. ಬಂದ ಕೂಡಲೇ ಪಿಸಿಆರ್‌ನಲ್ಲಿ ಮೈಕೊಪ್ಲಾಸ್ಮಾ (ಕಲ್ಚರ್‌ಗೆ ಗುಟ್ಟಾಗಿ ಸೇರುವ ಬ್ಯಾಕ್ಟೀರಿಯಾ) ಪರೀಕ್ಷಿಸಿ, ಆಮೇಲೂ ತಿಂಗಳಿಗೊಮ್ಮೆ.

ಮೀಡಿಯಂನ ಆಯ್ಕೆ ಇಲ್ಲಿ ಚಿಕ್ಕ ವಿಷಯವಲ್ಲ. ಸಾಮಾನ್ಯ ಆರ್‌ಪಿಎಂಐ-1640ರಲ್ಲಿ ಲೀಟರಿಗೆ 1 ಮಿ.ಗ್ರಾಂ ಫೋಲಿಕ್ ಆಮ್ಲ ಇದೆ, ಡಿಎಂಇಎಂನಲ್ಲಿ 4 ಮಿ.ಗ್ರಾಂ. ಗ್ರಾಹಕಗಳೆಲ್ಲ ಅದರಿಂದಲೇ ತುಂಬಿರುವಾಗ ನಿಮ್ಮ ಗುರಿಕಣಕ್ಕೆ ಬಾಗಿಲು ತೆರೆಯುವುದಿಲ್ಲ. ಫೋಲೇಟ್ ಇಲ್ಲದ ಆರ್‌ಪಿಎಂಐಗೆ ಶೇ 10 ಸೀರಂ ಹಾಕಿ, ಪ್ರಯೋಗಕ್ಕೆ ಎರಡು ವಾರ ಮೊದಲೇ ಕೋಶಗಳನ್ನು ಅದರಲ್ಲಿ ಬೆಳೆಸಿ. ಸೀರಂನಲ್ಲಿರುವ ಫೋಲೇಟ್ ಅವುಗಳಿಗೆ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಫಂಗಸ್ ಜೊತೆ ಕೆಲಸ ಮಾಡುತ್ತಿದ್ದೇವೆ ಎಂದೇ ತಿಳಿಯಬೇಕು. ಕಲ್ಚರ್ ಕೋಣೆಗೆ ಡಿಹ್ಯುಮಿಡಿಫೈಯರ್ ಹಾಕಿ. ಒದ್ದೆ ಕೊಡೆ, ಚಪ್ಪಲಿ, ರಟ್ಟಿನ ಪೆಟ್ಟಿಗೆ ಒಳಗೆ ಬರಬಾರದು. ಒದ್ದೆ ರಟ್ಟು ಬೂಷ್ಟಿನ ತವರು. ಎ.ಸಿ. ಫಿಲ್ಟರ್ ಮಳೆಗಾಲಕ್ಕೆ ಮುಂಚೆ ತೊಳೆಸಿ, ಇನ್‌ಕ್ಯುಬೇಟರ್ ತಟ್ಟೆಯ ಸ್ಟೆರೈಲ್ ನೀರನ್ನು ವಾರಕ್ಕೊಮ್ಮೆ ಬದಲಿಸಿ. ಗುಡುಗು ಮಳೆಗೆ ಕರೆಂಟು ಹೋಗುವುದು ಇದ್ದೇ ಇದೆ, ಇನ್‌ಕ್ಯುಬೇಟರ್‌ಗೆ ಪ್ರತ್ಯೇಕ ಯುಪಿಎಸ್ ಬೇಕು. ಫಂಗಸ್ ಬಂದ ಫ್ಲಾಸ್ಕನ್ನು ಉಳಿಸಲು ಹೋಗಬೇಡಿ. ಮುಚ್ಚಳ ತೆರೆಯದೆ ಆಟೊಕ್ಲೇವ್ ಮಾಡಿ.

8. ಎಂಟಿಟಿ ಪರೀಕ್ಷೆ

ಬದುಕಿರುವ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ನೇರಳೆ ಎಷ್ಟು ಗಾಢವೋ ಅಷ್ಟು ಕೋಶ ಬದುಕಿವೆ ಎಂದರ್ಥ. 96 ಗುಳಿಯ ತಟ್ಟೆಯಲ್ಲಿ ಗುಳಿಗೆ 5,000 ಕೋಶ, 100 ಮೈಕ್ರೊಲೀಟರ್. ಅಂಚಿನ ಗುಳಿಗಳು ಬೇಗ ಆರುತ್ತವೆ, ಅವಕ್ಕೆ ಬರೀ ಬಫರ್ ತುಂಬಿ. 24 ಗಂಟೆ ಅಂಟಿಕೊಳ್ಳಲು ಬಿಡಿ. ಆಮೇಲೆ ಔಷಧ 0.01ರಿಂದ 5 ಮೈಕ್ರೊಮೋಲಾರ್‌ವರೆಗೆ, ಪ್ರತಿ ಪ್ರಮಾಣಕ್ಕೆ ಆರು ಗುಳಿ, 48 ಗಂಟೆ.

ಪ್ರಮಾಣದ ಲೆಕ್ಕ ನೋಡಿ. ಕಣದಲ್ಲಿ ತೂಕದ ಶೇ 2 ಔಷಧ ಇದೆ ಎನ್ನೋಣ. 5 ಮೈಕ್ರೊಮೋಲಾರ್ ಡಾಕ್ಸೊರುಬಿಸಿನ್ ಹೈಡ್ರೊಕ್ಲೋರೈಡ್ ಎಂದರೆ ಮಿ.ಲೀ.ಗೆ 2.9 ಮೈಕ್ರೊಗ್ರಾಂ. ಅಷ್ಟು ಕೊಡಲು ಮಿ.ಲೀ.ಗೆ 145 ಮೈಕ್ರೊಗ್ರಾಂ ಕಣ ಹಾಕಬೇಕು. ಹಾಗಾದರೆ ಖಾಲಿ ಕಣವನ್ನೂ 145 ಮೈಕ್ರೊಗ್ರಾಂನಲ್ಲೇ ಪರೀಕ್ಷಿಸಬೇಕು. 20 ಮೈಕ್ರೊಗ್ರಾಂ ಖಾಲಿ ಕಣ ಹಾಕಿ ನಿರಪಾಯ ಎಂದು ಬರೆದರೆ ಅದು ಉತ್ತರವಲ್ಲ. ಆ ಮಟ್ಟದಲ್ಲಿ ಖಾಲಿ ಕಣವೇ ಜೀವಂತಿಕೆಯನ್ನು ಶೇ 70ಕ್ಕಿಂತ ಕೆಳಗಿಳಿಸಿದರೆ (ಐಎಸ್‌ಒ 10993-5 ಹೇಳುವ ಗೆರೆ ಅದು) ಮೂರನೇ ಹಂತಕ್ಕೆ ಮರಳಿ.

ಜೊತೆಗೆ ಇರಬೇಕಾದವು: ಏನೂ ಹಾಕದ ಕೋಶ, ಬಿಡಿ ಔಷಧ, ಫೋಲೇಟ್ ಇಲ್ಲದ ಔಷಧಕಣ, ಫೋಲೇಟ್ ಇರುವ ಔಷಧಕಣ, ಅದೇ ಕಣದ ಜೊತೆ 1 ಮಿಲಿಮೋಲಾರ್ ಬಿಡಿ ಫೋಲಿಕ್ ಆಮ್ಲ, ಕೋಶವಿಲ್ಲದೆ ಕಣ ಮಾತ್ರ. ಬಿಡಿ ಫೋಲಿಕ್ ಆಮ್ಲ ಹಾಕಿದಾಗ ಹೀಲಾದಲ್ಲಿ ಪರಿಣಾಮ ಇಳಿದು, ಎ549ರಲ್ಲಿ ಏನೂ ಬದಲಾಗದಿದ್ದರೆ ಆಗ ಗುರಿ ಎಂಬ ಮಾತು ಆಡಬಹುದು.

ಅವಧಿ ಮುಗಿದ ಮೇಲೆ ಮಿ.ಲೀ.ಗೆ 5 ಮಿ.ಗ್ರಾಂ ಎಂಟಿಟಿ 10 ಮೈಕ್ರೊಲೀಟರ್ ಹಾಕಿ ನಾಲ್ಕು ಗಂಟೆ ಬಿಡಿ. ನೇರಳೆ ಸೂಜಿಗಳು ಕೋಶದೊಳಗೆ ಕಾಣಬೇಕು. ಮೀಡಿಯಂ ಹೀರುವಾಗ ತಟ್ಟೆ ಓರೆ ಹಿಡಿದು, ಪಿಪೆಟ್ ತುದಿ ಗೋಡೆಗೆ ತಾಗಿಸಿ ಹೀರಿ. ತಳ ಕೆದಕಿದರೆ ಸೂಜಿಗಳೇ ಹೊರಟುಹೋಗಿ ಕೋಶ ಸತ್ತಂತೆ ತೋರುತ್ತದೆ. 100 ಮೈಕ್ರೊಲೀಟರ್ ಡಿಎಂಎಸ್‌ಒ, ಹತ್ತು ನಿಮಿಷ ಅಲುಗಾಡಿಸಿ, 570ರಲ್ಲಿ ಓದಿ, 650ರ ಓದನ್ನು ಕಳೆಯಿರಿ.

ಕೊನೆಗೆ ಫ್ಲೋರೆಸೆನ್ಸ್ ಮೈಕ್ರೊಸ್ಕೋಪ್ ಅಡಿಯಲ್ಲಿ ನೋಡಲೇಬೇಕು. ಬಿಡಿ ಡಾಕ್ಸೊರುಬಿಸಿನ್ ಒಂದೆರಡು ಗಂಟೆಯಲ್ಲೇ ನ್ಯೂಕ್ಲಿಯಸ್‌ಗೆ ಹೋಗಿ ಅದನ್ನು ಇಡಿಯಾಗಿ ಕೆಂಪಾಗಿಸುತ್ತದೆ. ಕಣದ ಮೂಲಕ ಹೋದದ್ದು ಮೊದಲು ನ್ಯೂಕ್ಲಿಯಸ್‌ನ ಹೊರಗೆ ಚುಕ್ಕೆಚುಕ್ಕೆಯಾಗಿ ನಿಂತು, ಹೊತ್ತು ಕಳೆದ ಮೇಲೆ ಒಳಗೆ ಸೇರುತ್ತದೆ. ನಿಮ್ಮ ಕಣ ಹಾಕಿದ ಒಂದು ಗಂಟೆಗೇ ನ್ಯೂಕ್ಲಿಯಸ್ ಕೆಂಪಾಗಿದ್ದರೆ ಔಷಧ ಮೀಡಿಯಂನಲ್ಲೇ ಸೋರಿದೆ, ಎಂಟಿಟಿಯ ಅಂಕಿ ಎಷ್ಟೇ ಚೆನ್ನಾಗಿರಲಿ.

9. ಕಸ

ಎರಡನೇ ಹಂತದ ಆಮ್ಲ, ಕ್ಷಾರಗಳನ್ನು ನಿಧಾನವಾಗಿ ಒಂದಕ್ಕೊಂದು ಬೆರೆಸಿ ತಟಸ್ಥಗೊಳಿಸಿಯೇ ಚೆಲ್ಲಬೇಕು. ಶೇ 50ರ ಕ್ಷಾರವನ್ನು ಮೊದಲು ಹತ್ತು ಪಟ್ಟು ನೀರಿಗೆ ಹಾಕಿ ತೆಳುಮಾಡಿಕೊಳ್ಳಿ, ಇಲ್ಲವಾದರೆ ಕುದಿದು ಸಿಡಿಯುತ್ತದೆ. ಅಸಿಟೋನ್ ಬೇರೆ ಡಬ್ಬಿಗೆ. ಡಾಕ್ಸೊರುಬಿಸಿನ್ ತಾಗಿದ ತುದಿ, ಟ್ಯೂಬು, ಕೈಗವಸು, ಮೀಡಿಯಂ ಯಾವುದನ್ನೂ ಆಟೊಕ್ಲೇವ್‌ಗೆ ಹಾಕಬೇಡಿ, ಸಿಂಕಿಗೂ ಬಿಡಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅವೆಲ್ಲ ಸೈಟೊಟಾಕ್ಸಿಕ್ ಗುರುತು ಅಂಟಿಸಿದ ಹಳದಿ ಚೀಲಕ್ಕೆ ಹೋಗಬೇಕು.